ಮೂರನೇ ನಂಬರ್ ಮನೆಯ ಐದನೇ ಕಿಟಕಿ

ಮಲ್ಲೇಶಪ್ಪ ಮೇಸ್ತ್ರಿ ಕೊಪ್ಪದ ಕ್ವಾರ್ಟರ್ಸಿನ ಕೆಲಸಕ್ಕೆ ಬಂದವರು ಮೊದಲ ಮೂರು ದಿನ ಒಂದು ಮೊಳೆಯನ್ನೂ ಕೀಳಲಿಲ್ಲ. ಬೆಳಿಗ್ಗೆ ನರಸಿಂಹರಾಜಪುರದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಒಂದೊಂದು ಮನೆಯ ಬಾಗಿಲಲ್ಲೂ ಚಪ್ಪಲಿ ಬಿಟ್ಟು, ಒಳಗೆ ಕುಳಿತು, ಕೊಟ್ಟ ಕಾಫಿ ಕುಡಿದು, ಪ್ರಶ್ನೆ ಕೇಳುತ್ತಿದ್ದರು. ಅಡುಗೆ ಎಷ್ಟು ಹೊತ್ತಿಗೆ, ಮಧ್ಯಾಹ್ನ ಯಾರು ಮಲಗುತ್ತಾರೆ, ಯಾರಿಗೆ ದೂಳು ಆಗದು, ಪೂಜೆ ಎಷ್ಟು ಗಂಟೆಗೆ ಮುಗಿಯುತ್ತದೆ. ಉತ್ತರಗಳನ್ನು ಗೆರೆ ಹಾಕಿದ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಅಳತೆಯ ಟೇಪು ಹೊರಬರುತ್ತಿದ್ದುದು ಆಮೇಲೆ.

ಅದು ಒಂದು ಸಹಕಾರ ಸಂಘ ತನ್ನ ನೌಕರರಿಗಾಗಿ ಎಪ್ಪತ್ತರ ದಶಕದಲ್ಲಿ ಕಟ್ಟಿಸಿದ ಕಟ್ಟಡ. ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ, ಎರಡು ಅಂತಸ್ತು, ಕೆಳಗೆ ಆರು, ಮೇಲೆ ಆರು, ಒಟ್ಟು ಹನ್ನೆರಡು ಮನೆ. ಮರದ ಕಿಟಕಿಗಳೆಲ್ಲ ಕುಂಬಾಗಿ, ಕೆಲವು ಕಡೆ ಸರಳು ಹಿಡಿದು ಎಳೆದರೆ ಕೈಗೇ ಬರುತ್ತಿದ್ದವು. ೨೦೦೭ರ ಬೇಸಿಗೆಯಲ್ಲಿ ಸಂಘದವರು ಎಲ್ಲವನ್ನೂ ತೆಗೆದು ಕಬ್ಬಿಣದ ಕಿಟಕಿ ಹಾಕಿಸುವುದೆಂದು ತೀರ್ಮಾನಿಸಿದರು. ಚೌಕಟ್ಟುಗಳು ಶಿವಮೊಗ್ಗದಿಂದ ತಯಾರಾಗಿ ಬರಬೇಕು. ಯಾವ ಮನೆಯವರೂ ಮನೆ ಬಿಡುವಂತಿಲ್ಲ. ಜೂನ್ ಮೊದಲ ವಾರದ ಒಳಗೆ ಮುಗಿಯಬೇಕು.

ಸಂಘದ ಎಂಜಿನಿಯರ್ ವಿಜಯ್, ಡಿಪ್ಲೊಮಾ ಮುಗಿಸಿ ಎರಡು ವರ್ಷವಾಗಿದ್ದ ಹುಡುಗ, ಒಂದನೇ ನಂಬರ್ ಮನೆಯಿಂದ ಹನ್ನೆರಡರವರೆಗೆ ಸಾಲಾಗಿ ದಿನಾಂಕ ಬರೆದ ಪಟ್ಟಿ ತಂದಿದ್ದ. ಮಲ್ಲೇಶಪ್ಪ ಅದನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡರು. ಆಮೇಲೆ ತಮ್ಮದೇ ಕ್ರಮ ಮಾಡಿದರು. ಒಂದನೇ ಮನೆಯ ಯಜಮಾನರು ಗೋದಾಮಿನ ರಾತ್ರಿ ಕಾವಲಿಗೆ ಹೋಗುವವರು, ಹನ್ನೊಂದರವರೆಗೆ ನಿದ್ದೆ, ಅಲ್ಲಿ ಕೆಲಸ ಮಧ್ಯಾಹ್ನವೇ. ಐದನೇ ಮನೆಯ ಹುಡುಗಿಗೆ ಸಿಇಟಿ ಪರೀಕ್ಷೆ, ಅದು ಮುಗಿಯುವವರೆಗೆ ಆ ಬದಿಯಲ್ಲಿ ಉಳಿ ತಾಗಿಸುವಂತಿಲ್ಲ. ಏಳನೇ ಮನೆಯ ಅಜ್ಜನಿಗೆ ಉಬ್ಬಸ, ಗೋಡೆಗೆ ನೀರು ಹೊಡೆದು ನೆನೆಸಿದ ಮೇಲೇ ಕೆತ್ತುವುದು, ಬಾಗಿಲಿಗೆ ಒದ್ದೆ ಸೀರೆ ಕಟ್ಟುವುದು.

ಇದರ ಮೇಲೆ ಒಂದು ನಿಯಮವಿತ್ತು. ತೆಗೆದ ಕಿಟಕಿ ಸೂರ್ಯ ಮುಳುಗುವ ಒಳಗೆ ಮುಚ್ಚಲೇಬೇಕು. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಬಾಳೆಹೊನ್ನೂರಿನ ಒಂದು ಮನೆಯಲ್ಲಿ ಹುಮ್ಮಸ್ಸಿನಿಂದ ಎಲ್ಲ ಕಿಟಕಿಗಳನ್ನೂ ಒಂದೇ ದಿನ ಕಿತ್ತಿದ್ದರಂತೆ. ಹೊಸವು ಬಂದದ್ದು ನಾಲ್ಕು ದಿನ ಬಿಟ್ಟು. ಗೋಣಿಚೀಲ ಕಟ್ಟಿದ ಕೋಣೆಯಲ್ಲಿ ಮಲಗಿದ ಆ ಮನೆಯ ಹಿರಿಯರಿಗೆ ಎದೆಗೆ ಥಂಡಿ ಹಿಡಿದು ತಿಂಗಳು ಏಳಲಿಲ್ಲ. ಅವರು ಉಳಿದರು, ಆದರೆ ಆ ಬೀದಿಯಲ್ಲಿ ಮಲ್ಲೇಶಪ್ಪನವರನ್ನು ಮತ್ತೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಆಗಿನಿಂದ ಈ ನಿಯಮ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು ಪುಸ್ತಕ ಇಟ್ಟು ಬರೆಯಲು ಶುರುಮಾಡಿದ್ದೂ ಆಗಿನಿಂದಲೇ.

ಪುಸ್ತಕದಲ್ಲಿ ಪ್ರತಿ ಕಿಟಕಿಗೂ ಒಂದು ಸಾಲು. ಉದ್ದ, ಅಗಲ, ಗೋಡೆಯ ದಪ್ಪ, ಕೊನೆಯಲ್ಲಿ ಒಂದು ರೈಟ್ ಗುರುತು. ಈ ಗುರುತು ಲಿಂಟಲ್ಲಿನದು. ಕಿಟಕಿಯ ಮೇಲಿನ ಗೋಡೆಯ ಭಾರವನ್ನು ಹೊರಲು ಅಡ್ಡಕ್ಕೆ ಕೂರಿಸುವ ಕಾಂಕ್ರೀಟಿನ ತೊಲೆ ಅದು. ಅದು ಇದ್ದರೆ ಕೆಳಗಿನ ಮರದ ಚೌಕಟ್ಟನ್ನು ನಿರ್ಭಯವಾಗಿ ತೆಗೆಯಬಹುದು. ಗಾರೆಯ ಒಳಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಮಲ್ಲೇಶಪ್ಪ ಸಣ್ಣ ಸುತ್ತಿಗೆಯಿಂದ ಕಿಟಕಿಯ ನೆತ್ತಿಯ ಮೇಲೆ ಬಡಿದು ಕಿವಿ ಕೊಡುತ್ತಿದ್ದರು. ಕಾಂಕ್ರೀಟಿನ ಸದ್ದು ಗಟ್ಟಿ, ಜಂಬಿಟ್ಟಿಗೆಯದು ಮಂದ. ಗಟ್ಟಿ ಸದ್ದು ಕೇಳಿದ ಮೇಲೆಯೇ ಗುರುತು.

ಮೂರನೇ ನಂಬರ್ ಮನೆ ಶೇಷಮ್ಮನವರದು. ಅವರ ಯಜಮಾನರು ಚಂದ್ರಶೇಖರಯ್ಯ ಸಂಘದಲ್ಲಿ ಗುಮಾಸ್ತರು, ನಿವೃತ್ತಿಗೆ ಎಂಟು ತಿಂಗಳು ಬಾಕಿ. ಉಳಿದ ಮನೆಗಳಿಗೆಲ್ಲ ನಾಲ್ಕು ಕಿಟಕಿಯಾದರೆ ಇಲ್ಲಿಗೆ ಐದು. ಐದನೆಯದು ದೇವರ ಕೋಣೆಯದು. ಮಲ್ಲೇಶಪ್ಪ ಅದರ ಬಾಗಿಲಿಗೆ ಬಂದಾಗ ಶೇಷಮ್ಮ ಹೊಸ್ತಿಲಿನ ಈಚೆಗೇ ನಿಂತು, ನೈವೇದ್ಯ ಇನ್ನೂ ಆಗಿಲ್ಲ, ಮಡಿ, ಹೊರಗಿನಿಂದಲೇ ಅಳೆದುಕೊಂಡರಾಯಿತಲ್ಲ ಎಂದರು. ಮಲ್ಲೇಶಪ್ಪ ಬಸ್ಸಿನಲ್ಲಿ ಬಂದವರು. ಕೊರಳಲ್ಲಿ ಲಿಂಗವಿರುವ ಮನುಷ್ಯ, ಇನ್ನೊಬ್ಬರ ದೇವರ ಕೋಣೆಯನ್ನು ಹಾಗೇ ಹೊಗುವವರಲ್ಲ. ಹಿತ್ತಿಲಿಗೆ ಹೋಗಿ ಹೊರಗಿನಿಂದ ಅಳೆದರು. ಹಿಂಬದಿಯ ಗೋಡೆಯುದ್ದಕ್ಕೂ ಮಳೆಯ ಎರಚಲು ತಡೆಯಲು ತಗಡಿನ ಮಾಡು ಇಳಿಸಿದ್ದರು. ಕಿಟಕಿಯ ನೆತ್ತಿಯ ಭಾಗ ಆ ತಗಡಿನ ಹಿಂದೆ ಮರೆಯಾಗಿತ್ತು, ಸುತ್ತಿಗೆ ಆಡಿಸಲು ಜಾಗವಿರಲಿಲ್ಲ. ಮಾಡಿನ ಕೆಳಗೆ ನಿಂತವರಿಗೆ ಮೇಲಿನ ಅಂತಸ್ತಿನ ಗೋಡೆಯೂ ಕಾಣುತ್ತಿರಲಿಲ್ಲ. ಈ ಮನೆಗೊಂದು ಕಿಟಕಿ ಹೆಚ್ಚಿದೆಯಲ್ಲ ಎಂದು ಕೇಳಿದಾಗ ಶೇಷಮ್ಮ, ಮೊದಲಿನಿಂದಲೂ ಹಾಗೇ ಎಂದರು. ಕಟ್ಟಡ ಒಂದೇ, ಕಟ್ಟಿದವರು ಒಬ್ಬರೇ, ನಲವತ್ತೆಂಟಕ್ಕೆ ಇದ್ದದ್ದು ಇದಕ್ಕೂ ಇದ್ದೀತು ಎಂದುಕೊಂಡು ಮಲ್ಲೇಶಪ್ಪ ಆ ಸಾಲಿನ ಕೊನೆಗೂ ಗುರುತು ಹಾಕಿದರು.

ಮೂರನೇ ಮನೆಯ ನೇರ ಮೇಲಿನದು ಒಂಬತ್ತನೇ ನಂಬರ್ ಮನೆ. ಸಂಘದ ಭಂಡಿಗಡಿ ಡಿಪೋದಲ್ಲಿ ಕೆಲಸ ಮಾಡುವ ಧರ್ಮೇಶನದು. ಅವನ ಹೆಂಡತಿ ಚೈತ್ರ ಮೇ ತಿಂಗಳ ಎರಡನೇ ವಾರದಲ್ಲಿ ಹೆತ್ತಳು. ಬಾಣಂತನಕ್ಕೆ ಅಡ್ಡಗದ್ದೆಯಿಂದ ತಾಯಿ ವೆಂಕಮ್ಮ ಮೊದಲೇ ಬಂದು ನಿಂತಿದ್ದರು. ದೇವರ ಕೋಣೆಯ ಮೇಲೆ ಬರುವ ಚಿಕ್ಕ ಕೋಣೆಗೆ ಕಿಟಕಿಯೇ ಇರಲಿಲ್ಲ. ಗಾಳಿ ಆಡದ ಕೋಣೆ, ಬಾಣಂತಿಗೆ ಹೇಳಿ ಮಾಡಿಸಿದ ಹಾಗಿದೆ ಎಂದು ವೆಂಕಮ್ಮ ಅಲ್ಲೇ ಮಂಚ, ತೊಟ್ಟಿಲು, ಕೆಂಡದ ಅಗ್ಗಿಷ್ಟಿಕೆ ಹಾಕಿಸಿದ್ದರು. ಮಲ್ಲೇಶಪ್ಪ ಅಳತೆಗೆ ಬಂದಾಗ ತುಂಬು ಬಸುರಿ ಚೈತ್ರ ಆಗಲೇ ಅಲ್ಲಿ ಮಲಗುತ್ತಿದ್ದಳು. ಅವರು ಆ ಮನೆಯ ನಾಲ್ಕು ಕಿಟಕಿ ಅಳೆದು, ಕೋಣೆಯ ಮುಚ್ಚಿದ ಬಾಗಿಲನ್ನು ಕಂಡು, ತಲೆ ತಗ್ಗಿಸಿ ಈಚೆಗೆ ಬಂದಿದ್ದರು. ಹೊರಗಿನ ಗಂಡಸು ಅಲ್ಲಿಗೆ ಇಣುಕುವ ಮಾತೇ ಇಲ್ಲ.

ಹೀಗೆ ಇಡೀ ಕಟ್ಟಡದಲ್ಲಿ ಅವರು ಕಾಲಿಡದ ಕೋಣೆಗಳು ಎರಡೇ. ಒಂದರ ಮೇಲೆ ಒಂದು ಇದ್ದವು. ಮೇಲಿನದನ್ನು ನೋಡಿದ್ದರೆ ಅಲ್ಲಿ ಕಿಟಕಿ ಇಲ್ಲವೆಂದು ತಿಳಿಯುತ್ತಿತ್ತು, ಹಾಗಾದರೆ ಕೆಳಗೆ ಮಾತ್ರ ಹೇಗೆ ಬಂತು ಎಂಬ ಪ್ರಶ್ನೆ ಏಳುತ್ತಿತ್ತು. ಈ ಸಂಗತಿಯನ್ನು ಅವರು ಮುಂದೆ ಎಷ್ಟೋ ಸಲ ಹೇಳಿಕೊಂಡದ್ದನ್ನು ಹನ್ನೆರಡನೇ ಮನೆಯ ಪ್ರೇಮಕ್ಕ ಕೇಳಿದ್ದಾರೆ. ನಾನು ಬರೆಯುತ್ತಿರುವುದರಲ್ಲಿ ಬಹುಪಾಲು ಪ್ರೇಮಕ್ಕ ಹೇಳಿದ್ದು.

ಮಗು ಹುಟ್ಟಿದ ಮೇಲೆ ಮಲ್ಲೇಶಪ್ಪ ವೆಂಕಮ್ಮನವರಲ್ಲಿ ಒಂದು ಮಾತು ಕೇಳಿದ್ದರು. ಕೆಳಗೆ ಕೆಲಸ ನಡೆಯುವ ಎರಡು ದಿನ ಬಾಣಂತಿಯನ್ನು ಮುಂದಿನ ಕೋಣೆಗೆ ಹಾಕಿದರೆ ಸುತ್ತಿಗೆಯ ಸದ್ದು ತಾಗುವುದಿಲ್ಲ ಎಂದು. ವೆಂಕಮ್ಮ ಒಪ್ಪಲಿಲ್ಲ. ಮುಂದಿನ ಕೋಣೆಗೆ ರಸ್ತೆಯ ಗಾಳಿ, ಮೂರು ಬಾಗಿಲು, ಬಂದುಹೋಗುವವರ ಕಣ್ಣು. ಕೊನೆಗೆ ಎಣ್ಣೆನೀರು ಆಗಿ ತಾಯಿ ಮಗು ಮಲಗುವ ಹನ್ನೊಂದರಿಂದ ಒಂದರವರೆಗೆ ಸುತ್ತಿಗೆ ಎತ್ತುವುದಿಲ್ಲ ಎಂದು ಒಪ್ಪಂದವಾಯಿತು. ಅದೂ ಪುಸ್ತಕಕ್ಕೆ ಹೋಯಿತು.

ಮಗುವಿಗೆ ಒಂಬತ್ತನೇ ದಿನ. ಶೇಷಮ್ಮ ಬೆಳಗಿನ ಪೂಜೆ ಮುಗಿಸಿ ದೇವರನ್ನು ಅಡುಗೆಮನೆಗೆ ಸಾಗಿಸಿ, ಕೋಣೆ ತೆರವು ಮಾಡಿಕೊಟ್ಟರು. ಮಲ್ಲೇಶಪ್ಪ ಅವತ್ತು ಬಾವಿಕಟ್ಟೆಯಲ್ಲಿ ಇನ್ನೊಮ್ಮೆ ಕೈಕಾಲು ತೊಳೆದು ಒಳಗೆ ಹೋದರು. ಜೊತೆಗೆ ದೇವಪ್ಪ, ಇಪ್ಪತ್ತು ವರ್ಷದಿಂದ ಅವರ ಜೊತೆ ಗರಗಸ ಹಿಡಿದವನು. ಕಿಟಕಿಯ ಎರಡೂ ಬಾಗಿಲು ಬಿಚ್ಚಿದರು. ಸರಳು ಎಳೆದರು. ಈ ಚೌಕಟ್ಟು ಮಾತ್ರ ಉಳಿದವುಗಳಿಗಿಂತ ದಪ್ಪವಿತ್ತು, ಹೊನ್ನೆ ಮರದ್ದು, ಕುಂಬಾಗಿರಲಿಲ್ಲ. ದೇವರ ಕೋಣೆಗೆಂದು ಒಳ್ಳೆಯ ಮರ ಹಾಕಿದ್ದಾರೆ ಎಂದು ದೇವಪ್ಪ ಹೊಗಳಿದ. ಆಮೇಲೆ ಚೌಕಟ್ಟಿನ ಎಡಗಡೆಯ ನಿಲುವುಮರಕ್ಕೆ ನಡುವೆ ಗರಗಸ ಇಟ್ಟ. ನಿಲುವನ್ನು ಎರಡು ತುಂಡು ಮಾಡಿ ಎಳೆದು ತೆಗೆಯುವುದು ವಾಡಿಕೆ.

ಮುಕ್ಕಾಲು ಪಾಲು ಕೊಯ್ಯುವವರೆಗೆ ಗರಗಸ ಸಲೀಸಾಗಿ ಆಡಿತು. ಆಮೇಲೆ ನಿಂತಿತು. ದೇವಪ್ಪ ಎಳೆದ, ಬರಲಿಲ್ಲ. ತಳ್ಳಿದ, ಹೋಗಲಿಲ್ಲ.

“ಶೇಷಮ್ಮನ ದೇವ್ರು ಹಿಡ್ಕಂಡಿದಾನೆ ಮೇಸ್ತ್ರಿ. ಬಿಡಲ್ಲ ಅಂತಾನೆ ಮಾರಾಯ್ರೆ” ಎಂದು ನಕ್ಕ.

ಮಲ್ಲೇಶಪ್ಪ ನಗಲಿಲ್ಲ. ಕೊಯ್ದ ಸೀಳು ಗರಗಸದ ಅಲಗನ್ನು ಕಚ್ಚಿಕೊಂಡಿದೆ ಎಂದರೆ ಮೇಲಿನಿಂದ ಭಾರ ಇಳಿಯುತ್ತಿದೆ. ಸುಮ್ಮನೆ ನಿಂತ ಚೌಕಟ್ಟಿನಲ್ಲಿ ಹಾಗಾಗುವುದಿಲ್ಲ. ಅವರು ಕತ್ತೆತ್ತಿ ನೋಡಿದರು. ಚೌಕಟ್ಟಿನ ಮೇಲಿನ ಅಡ್ಡಪಟ್ಟಿಗೂ ಗಾರೆಗೂ ನಡುವೆ ಕೂದಲೆಳೆಯಷ್ಟು ಗೆರೆ ಬಿಟ್ಟಿತ್ತು, ಅಲ್ಲಿಂದ ಕೆಂಪು ಮಣ್ಣು ಸಣ್ಣಗೆ ಉದುರುತ್ತಿತ್ತು. ಜೇಬಿನ ಸುತ್ತಿಗೆಯನ್ನು ಕೈಗೆ ತೆಗೆದುಕೊಂಡರು. ಬಡಿಯಲು ಧೈರ್ಯವಾಗಲಿಲ್ಲ. ಬೆರಳ ಗಂಟಿನಿಂದ ಮೆಲ್ಲಗೆ ತಟ್ಟಿದರು. ಮಂದ ಸದ್ದು. ಇನ್ನೊಂದು ಗೇಣು ಆಚೆ ತಟ್ಟಿದರು. ಅಲ್ಲೂ ಮಂದವೇ.

ಗರಗಸ ಅಲ್ಲೇ ಇರಲಿ, ಅಲುಗಾಡಿಸಬೇಡ, ಕೊಯ್ದ ಜಾಗಕ್ಕೆ ಎರಡು ಬದಿ ಹಲಗೆ ಕೊಟ್ಟು ಹಗ್ಗ ಸುತ್ತು, ಮೊಳೆ ಹೊಡೆಯಬೇಡ ಎಂದು ದೇವಪ್ಪನಿಗೆ ಹೇಳಿ ಅವರು ಅಡುಗೆಮನೆಯ ಬಾಗಿಲಿಗೆ ಬಂದರು.

“ಅಮ್ಮಾ, ಈ ಕಿಟಕಿ ಮೊದಲಿಂದ ಇದ್ದಿದ್ದು ಹೌದನಾ?”

ಶೇಷಮ್ಮ ದೇವರ ಪಟಗಳನ್ನು ಒರೆಸುತ್ತಿದ್ದವರು ಒರೆಸುತ್ತಲೇ ಇದ್ದರು. ಮಲ್ಲೇಶಪ್ಪ ಬಾಗಿಲಲ್ಲೇ ನಿಂತರು. ಕೊನೆಗೆ ಆಕೆ ತಲೆ ಎತ್ತದೆ ಹೇಳಿದರು. ಹನ್ನೊಂದು ವರ್ಷದ ಹಿಂದೆ, ಮಗಳ ಮದುವೆ ಕೂಡಿಬರದೆ ಇದ್ದಾಗ, ವಾಸ್ತು ನೋಡುವವರೊಬ್ಬರು ದೇವರಿಗೆ ಮೂಡಣದ ಬೆಳಕು ಬೀಳಬೇಕು ಎಂದರಂತೆ. ಅದು ಮೊದಲು ಸಾಮಾನು ಕೋಣೆ. ಸಂಘಕ್ಕೆ ಅರ್ಜಿ ಕೊಟ್ಟರೆ ಒಪ್ಪುವುದಿಲ್ಲವೆಂದು, ರಜೆಯಲ್ಲಿ ಅಕ್ಕಪಕ್ಕದವರು ಊರಿಗೆ ಹೋಗಿದ್ದಾಗ, ಹೊರಗಿನ ಗಾರೆಯವನೊಬ್ಬನನ್ನು ಕರೆಸಿ ಎರಡು ದಿನದಲ್ಲಿ ಗೋಡೆ ಒಡೆಸಿ ಕಿಟಕಿ ಕೂರಿಸಿದ್ದರು. ತಗಡಿನ ಮಾಡು ಬಂದದ್ದು ಆಮೇಲೆ. ಲಿಂಟಲ್ ಹಾಕಿದ್ದಾರೋ ಇಲ್ಲವೋ ಆಕೆಗೆ ಗೊತ್ತಿರಲಿಲ್ಲ. ಅದೆಂತದು ಎಂದು ಕೂಡ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ, ನಿವೃತ್ತಿಯ ಹೊಸ್ತಿಲಲ್ಲಿ ಈ ವಿಷಯ ಸಂಘದ ಕಿವಿಗೆ ಬೀಳಬಾರದು.

ಹನ್ನೊಂದು ವರ್ಷ ಮೇಲಿನ ಗೋಡೆಯನ್ನು ಹೊತ್ತಿದ್ದು ಆ ಹೊನ್ನೆ ಮರದ ಚೌಕಟ್ಟು. ಈಗ ಅದರ ಒಂದು ಕಾಲು ಮುಕ್ಕಾಲು ಕೊಯ್ದಿದೆ. ಅದರ ನೆತ್ತಿಯ ಮೇಲೆ ಒಂಬತ್ತು ದಿನದ ಮಗು ಮಲಗಿದೆ.

ಅಷ್ಟರಲ್ಲಿ ವಿಜಯ್ ಬೈಕಿನಲ್ಲಿ ಬಂದ. ನೋಡಿದವನ ಮುಖ ಇಳಿಯಿತು. ಆದರೂ ಅವನು ಹೇಳಿದ್ದು ಗೋಡೆಗೆ ಆಸರೆ ಕೊಡುವುದನ್ನು ಮೊದಲು ಮಾಡಿ ಎಂದು. ಬಸ್ ನಿಲ್ದಾಣದ ಹತ್ತಿರ ಒಂದು ಕಡೆ ಸ್ಲ್ಯಾಬ್ ಹಾಕುತ್ತಿದ್ದಾರೆ, ಅಲ್ಲಿಂದ ಕಬ್ಬಿಣದ ಜಾಕಿ ತರಿಸುತ್ತೇನೆ, ಮುಕ್ಕಾಲು ಗಂಟೆಯ ಮಾತು. ಮೇಲಿನವರಿಗೆ ಈಗಲೇ ಹೇಳಿದರೆ ಹನ್ನೆರಡು ಮನೆಯೂ ಬೀದಿಗೆ ಬರುತ್ತದೆ, ಹೆದರಿ ಓಡುವಾಗ ಬಾಣಂತಿ ಮೆಟ್ಟಿಲಲ್ಲಿ ಬಿದ್ದರೆ ಅದಕ್ಕೆ ಯಾರು ಹೊಣೆ. ಮಾತಿನಲ್ಲಿ ಅರ್ಥವಿಲ್ಲದೆ ಇರಲಿಲ್ಲ. ಮಲ್ಲೇಶಪ್ಪ ನೆಲ ನೋಡಿದರು. ಕೋಣೆಯ ಕೆಂಪು ಗಾರೆಯ ಕೆಳಗೆ ತುಂಬಿದ ಮಣ್ಣು. ಆಸರೆಗೆ ಕೊಟ್ಟ ಕಂಬ ಅದರಲ್ಲಿ ಎರಡು ಬೆರಳು ಇಳಿದರೂ ಸಾಕು, ಮೇಲಿನ ಗೋಡೆ ಕುಸಿಯುತ್ತದೆ.

“ಜಾಕಿ ತರ್ಸಿ. ಅದು ಬರೋ ತನಕ ಮಗು ಮೇಲೆ ಇರಬಾರ್ದು” ಎಂದು ಮೆಟ್ಟಿಲು ಹತ್ತಿದರು.

ಆಗ ಗಂಟೆ ಹನ್ನೊಂದು ದಾಟಿತ್ತು. ಎಣ್ಣೆನೀರು ಆಗಿ ಮಗು ಈಗಷ್ಟೇ ನಿದ್ದೆ ಹೋಗಿತ್ತು. ವೆಂಕಮ್ಮ ಮನೆಯ ಬಾಗಿಲನ್ನು ಅರ್ಧ ತೆರೆದು, ಉಳಿದ ಅರ್ಧಕ್ಕೆ ತಾವೇ ಅಡ್ಡ ನಿಂತರು. ಮಲ್ಲೇಶಪ್ಪ ಸುತ್ತುಬಳಸದೆ ಹೇಳಿದರು. ಕೆಳಗಿನ ಗೋಡೆಗೆ ಆಧಾರ ಇಲ್ಲ, ತಪ್ಪು ನನ್ನದು, ನೋಡದೆ ಕೈ ಹಾಕಿದೆ, ತಾಯಿ ಮಗುವನ್ನು ಈಗಲೇ ಈ ಕೋಣೆಯಿಂದ, ಸಾಧ್ಯವಾದರೆ ಈ ಮನೆಯಿಂದಲೇ ಹೊರಗೆ ತರಬೇಕು.

ವೆಂಕಮ್ಮ ಬಾಗಿಲನ್ನು ಇನ್ನಷ್ಟು ಮುಂದೆ ಮಾಡಿದರು.

“ಎಂತ ಮೇಸ್ತ್ರಿಗಳೇ, ಮೊನ್ನೆ ಸದ್ದು ಅಂದ್ರಿ, ಇವತ್ತು ಗೋಡೆ ಅಂತೀರಿ. ನಿಮಗೆ ಈ ಎರಡು ಗಂಟೆ ಕೈ ಕಟ್ಟಿ ಕೂರಕ್ಕೆ ಆಗಲ್ಲ ಅನ್ನಿ. ಮಗಳನ್ನ ಎಬ್ಸಕ್ಕೆ ಗೋಡೆನೇ ಬೀಳಿಸ್ಬೇಕಾ?”

ಇದು ಮಲ್ಲೇಶಪ್ಪನವರಿಗೆ ಹೊಳೆದಿರಲಿಲ್ಲ. ಮೊದಲು ಒಮ್ಮೆ ಕೋಣೆ ಬಿಡಿ ಎಂದು ಕೇಳಿದ್ದೇ ಈಗ ಅಡ್ಡ ಬಂದಿತ್ತು. ಇಲ್ಲಮ್ಮ, ದೇವರಾಣೆ ಎಂದರು. ವೆಂಕಮ್ಮ ಕದಲಲಿಲ್ಲ. ಒಂಬತ್ತು ದಿನದ ಬಾಣಂತಿ, ಮೈಗೆ ಈಗಷ್ಟೇ ಬಿಸಿನೀರು ಬಿದ್ದಿದೆ, ಗಾಳಿಗೆ ಒಡ್ಡಿದರೆ ಬದುಕಿಡೀ ತಲೆನೋವು, ಅದನ್ನು ನೀವು ಬಂದು ವಾಸಿ ಮಾಡುತ್ತೀರಾ ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿ, ಯಾವ ಮನೆಗೆ ಕರೆದುಕೊಂಡು ಹೋಗಲಿ, ಪುರುಡು ಕಳೆಯದೆ ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ ಎಂದರು. ಹೆರಿಗೆಯ ಮೈಲಿಗೆ ಹನ್ನೊಂದನೇ ದಿನಕ್ಕೆ ಕಳೆಯಬೇಕು. ಅಲ್ಲಿಯವರೆಗೆ ವೆಂಕಮ್ಮ ತಾವೇ ಇನ್ನೊಬ್ಬರ ಮನೆಯ ನೀರಿನ ಕೊಡ ಮುಟ್ಟುತ್ತಿರಲಿಲ್ಲ.

ಕೆಳಗಿನಿಂದ ದೇವಪ್ಪ ಕೂಗಿದ. ಮಣ್ಣು ಜಾಸ್ತಿ ಉದುರುತ್ತಿದೆ ಎಂದು.

ಕೂಗು ಕೇಳಿ ಮೇಲಂತಸ್ತಿನ ಮನೆಗಳ ಮುಂದಿನ ಉದ್ದ ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಏಳನೇ ಮನೆಯ ಅಜ್ಜ ಗೋಡೆ ಹಿಡಿದು ಹೊರಬಂದರು. ಮೂಲೆಯ ಹನ್ನೆರಡನೇ ಮನೆಯಿಂದ ಪ್ರೇಮಕ್ಕ ಹೊಲಿಗೆ ಬಿಟ್ಟು ಕತ್ತರಿ ಕೈಯಲ್ಲೇ ಬಂದರು. ಎಲ್ಲರೂ ನೋಡುತ್ತಿರುವಾಗ ವೆಂಕಮ್ಮನ ಹಟ ಇನ್ನೂ ಗಟ್ಟಿಯಾಯಿತು. ಅಳಿಯ ಭಂಡಿಗಡಿಯಿಂದ ಬರಲಿ, ಅವನು ಹೇಳಿದರೆ ನೋಡುತ್ತೇನೆ ಎಂದರು. ಭಂಡಿಗಡಿಯಿಂದ ಬರಲು ಒಂದು ಗಂಟೆಯಾದರೂ ಬೇಕು. ಮಲ್ಲೇಶಪ್ಪ ಬಾಗಿಲ ಚೌಕಟ್ಟಿಗೆ ಕೈ ಹಚ್ಚಿ ನಿಂತರು. ಬಲವಂತವಾಗಿ ಒಳಗೆ ನುಗ್ಗಿ ಮಗುವನ್ನು ಎತ್ತಿಕೊಂಡು ಬರಲೇ ಎಂದು ಆ ಹೊತ್ತಿನಲ್ಲಿ ಯೋಚಿಸಿದ್ದೂ ಹೌದಂತೆ. ಕಾಲು ಮಾತ್ರ ಏಳಲಿಲ್ಲ.

ಆಗ ಶೇಷಮ್ಮ ಮೆಟ್ಟಿಲು ಹತ್ತಿ ಬಂದರು. ಮಂಡಿನೋವಿನಿಂದ ಮೇಲಕ್ಕೆ ಬರುವುದನ್ನೇ ಬಿಟ್ಟಿದ್ದವರು. ಕಂಬಿ ಹಿಡಿದು ಉಸಿರು ತೆಗೆದುಕೊಂಡು, ಓಣಿಯಲ್ಲಿ ನಿಂತ ಎಲ್ಲರ ಎದುರಿಗೇ ಹೇಳಿದರು.

“ವೆಂಕಮ್ಮ, ಅವರು ಸುಳ್ಳು ಹೇಳ್ತಿಲ್ಲ. ಆ ಕಿಟಕಿ ಮನೆ ಕಟ್ಟುವಾಗ ಇರ್ಲಿಲ್ಲ. ನಾವು ಕದ್ದು ಒಡೆಸಿದ್ದು. ಮೊನ್ನೆ ಅವರು ಕೇಳಿದಾಗ ನಾನೇ ಸುಳ್ಳು ಹೇಳ್ದೆ.”

ವಿಜಯ್ ಮೆಟ್ಟಿಲ ಕೆಳಗೇ ನಿಂತಿದ್ದ. ಅವನು ಕೇಳಿಸಿಕೊಂಡದ್ದು ಶೇಷಮ್ಮನಿಗೂ ಗೊತ್ತಿತ್ತು.

ವೆಂಕಮ್ಮ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಚೈತ್ರ ಮಾತಾಡಿದಳು. ಬೆಳಿಗ್ಗೆಯಿಂದ ಗೋಡೆಯ ಬುಡದಲ್ಲಿ ಮಣ್ಣು ಉದುರುತ್ತಿದೆ ಎಂದು ಅವಳು ಹೇಳಿದ್ದಳಂತೆ, ಇಲಿ ಇರಬೇಕು ಎಂದು ತಾಯಿ ಸುಮ್ಮನಾಗಿಸಿದ್ದರಂತೆ. ಈಗ ಅವಳೇ ಕೋಣೆಯ ಬಾಗಿಲು ತೆರೆದಳು. ತಲೆಗೆ ಬಟ್ಟೆ ಬಿಗಿದು, ಮಗುವನ್ನು ಎರಡು ಸುತ್ತು ಹತ್ತಿಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ನಿಂತಿದ್ದಳು. ಮೈಯಿಂದ ಇನ್ನೂ ಬಿಸಿನೀರಿನ ಹಬೆ ಏಳುತ್ತಿತ್ತು.

“ದಾರಿ ಬಿಡು ಅಮ್ಮ.”

ಪ್ರೇಮಕ್ಕ ಅಷ್ಟರಲ್ಲಿ ತಮ್ಮ ಮನೆಯ ಬಾಗಿಲನ್ನು ಪೂರ್ತಿ ತೆರೆದಿದ್ದರು. ನಮ್ಮಲ್ಲಿ ಪುರುಡು ಸೂತಕ ಅಂತ ಇಲ್ಲ, ಲಿಂಗ ಕಟ್ಟಿದ ಮನೆ, ತನ್ನಿ ಎಂದರು. ಓಣಿ ಒಂದು ಬದಿಗೆ ತೆರೆದದ್ದು, ಬಯಲಿನ ಗಾಳಿ ನೇರವಾಗಿ ಬೀಸುತ್ತದೆ. ಒಂಬತ್ತರಿಂದ ಹನ್ನೆರಡರವರೆಗೆ ಮೂವತ್ತು ಹೆಜ್ಜೆ. ಪ್ರೇಮಕ್ಕ ಹೇಳುವ ಮೊದಲೇ ಏಳನೇ ಮನೆಯ ಅಜ್ಜ ಹೊದ್ದಿದ್ದ ಕಂಬಳಿಯನ್ನು ಬಿಚ್ಚಿ ಕಂಬಿಯ ಕಡೆಗೆ ಹಿಡಿದರು. ಅದನ್ನು ನೋಡಿ ಎಂಟನೇ ಮನೆಯವರು ಜಮಖಾನೆ ತಂದರು, ಹತ್ತನೇ ಮನೆಯವರು ಹಾಸಿಗೆಯ ಹೊದಿಕೆ. ಸಾಲಾಗಿ ಗೋಡೆಯಂತೆ ಹಿಡಿದ ಬಟ್ಟೆಗಳ ಮರೆಯಲ್ಲಿ ಚೈತ್ರ ನಡೆದು ಹೋದಳು. ಹಿಂದೆ ವೆಂಕಮ್ಮ ಕೆಂಡದ ಅಗ್ಗಿಷ್ಟಿಕೆಯನ್ನು ಬರಿಯ ಕೈಬಟ್ಟೆಯಲ್ಲಿ ಹಿಡಿದು ಬಂದರು. ಯಾರನ್ನೂ ನೋಡಲಿಲ್ಲ.

ಮಲ್ಲೇಶಪ್ಪ ಕೆಳಗೆ ಓಡಿದರು. ಜಾಕಿ ಇನ್ನೂ ಬಂದಿರಲಿಲ್ಲ. ಬೇರೆ ಮನೆಗಳಿಂದ ಕಿತ್ತು ಹಿತ್ತಿಲಲ್ಲಿ ಪೇರಿಸಿದ್ದ ಹಳೆಯ ಚೌಕಟ್ಟುಗಳಲ್ಲಿ ಗಟ್ಟಿಯಾದವನ್ನು ಆರಿಸಿ, ಒಂದರ ಮೇಲೊಂದು ಅಡ್ಡಡ್ಡಲಾಗಿ ಕಿಟಕಿಯ ಸಂದಿಯಲ್ಲಿ ಕಟ್ಟಿದರು. ಕೆಳಗೆ ದಪ್ಪ ಹಲಗೆ, ಭಾರ ಹರಡಲೆಂದು. ಮೇಲೆ ಬೆಣೆ. ಸುತ್ತಿಗೆ ಬಳಸುವಂತಿಲ್ಲ. ದೇವಪ್ಪ ಬೆಣೆಯನ್ನು ಹಿಮ್ಮಡಿಯಿಂದ ಒತ್ತಿದ, ಮಲ್ಲೇಶಪ್ಪ ಬೆನ್ನು ಕೊಟ್ಟರು. ಎಡಗಡೆಯದು ಬಿಗಿಯಾಯಿತು. ಬಲಗಡೆಯದನ್ನು ಒತ್ತುವಾಗ ಕಟ್ಟಿದ ಹಗ್ಗ ಕಿರುಗುಟ್ಟಿ, ಗರಗಸ ಸಣ್ಣಗೆ ಹಾಡಿದಂತೆ ಸದ್ದು ಮಾಡಿತು. ಇಬ್ಬರೂ ಹಿಂದಕ್ಕೆ ಹಾರಿದರು. ಅಡ್ಡಪಟ್ಟಿ ಎಡಕ್ಕೆ ಒಂದು ಬೆರಳು ವಾಲಿತು. ಒಂದು ಜಂಬಿಟ್ಟಿಗೆ ಕಲ್ಲು, ಒಂದೂವರೆ ಮಣ ಇದ್ದೀತು, ಜಾರಿ ದೇವರ ಪೀಠದ ಮೇಲೆ ಬಿದ್ದು ಎರಡು ಹೋಳಾಯಿತು. ಕೆಂಪು ದೂಳು ಕೋಣೆ ತುಂಬಿತು. ಪೇರಿಸಿದ ಮರ ಕಿರುಗುಟ್ಟಿತು, ಭಾರ ಹಿಡಿಯಿತು, ನಿಂತಿತು.

ಜಾಕಿಗಳು ಬಂದದ್ದು ಹನ್ನೆರಡೂವರೆಗೆ. ಮೂರು ಕೊಟ್ಟು ಬಿಗಿ ಮಾಡಿದ ಮೇಲೆ ಮಲ್ಲೇಶಪ್ಪ ಮೇಲಕ್ಕೆ ಹೋಗಿ, ಖಾಲಿಯಾದ ಬಾಣಂತಿಯ ಕೋಣೆಯನ್ನು ಬಾಗಿಲಿನಿಂದ ನೋಡಿದರು. ನೆಲದಿಂದ ಗೂಡಿನವರೆಗೆ ಗೋಡೆ ಓರೆಯಾಗಿ ಬಿರುಕು ಬಿಟ್ಟಿತ್ತು, ಕಿರುಬೆರಳು ಹೋಗುವಷ್ಟು. ತೊಟ್ಟಿಲ ಒಳಗೆ ಒಂದು ಮೊರದಷ್ಟು ಗಾರೆ ಬಿದ್ದಿತ್ತು.

ಪ್ರೇಮಕ್ಕ ಹೇಳುವಂತೆ ಅವರು ಅಲ್ಲೇ ಹೊಸ್ತಿಲ ಹೊರಗೆ ಕುಳಿತುಬಿಟ್ಟರು. ಅವತ್ತು ಸಂಜೆಗೆ ಆ ಕಿಟಕಿ ಮುಚ್ಚಲಿಲ್ಲ.

ಕಾಂಕ್ರೀಟು ಹಾಕಿದರೆ ಒಣಗಲು ದಿನ ಹಿಡಿಯುತ್ತದೆ. ಮಲ್ಲೇಶಪ್ಪ ಕಪ್ಪು ಕಲ್ಲಿನ ಎರಡು ಉದ್ದ ತೊಲೆ ಕಡಿಸಿ ತರಿಸಿದರು. ಗೋಡೆಯ ದಪ್ಪದಲ್ಲಿ ಒಳಗಿನ ಅರ್ಧವನ್ನು ಕೆತ್ತಿ ಒಂದನ್ನು ಕೂರಿಸಿದರು. ಅದು ಗಟ್ಟಿಯಾಗಿ ಕೂತಿತು ಎಂದು ಖಾತ್ರಿಯಾದ ಮೇಲೆ, ಎರಡು ದಿನ ಬಿಟ್ಟು, ಹೊರಗಿನ ಅರ್ಧಕ್ಕೆ ಇನ್ನೊಂದು. ಈ ಸಲ ತಗಡಿನ ಮಾಡನ್ನು ಮೊದಲೇ ಬಿಚ್ಚಿಸಿದ್ದರು.

ಮೇಲಿನ ಕೋಣೆಯ ಬಿರುಕಿಗೆ ಅಡ್ಡವಾಗಿ ಮೂರು ಕಡೆ ತೆಳು ಕಾಗದದ ಪಟ್ಟಿ ಅಂಟಿಸಿದರು. ಗೋಡೆ ಇನ್ನೂ ಇಳಿಯುತ್ತಿದ್ದರೆ ಕಾಗದ ಹರಿಯುತ್ತದೆ. ದಿನವೂ ಬೆಳಿಗ್ಗೆ ಬಸ್ಸಿನಿಂದ ಇಳಿದವರು ಮೊದಲು ಅದನ್ನು ನೋಡುತ್ತಿದ್ದರು. ಎರಡನೇ ದಿನ ಕೆಳಗಿನ ಪಟ್ಟಿ ಹರಿಯಿತು. ಅವರು ಇನ್ನೊಂದು ಜಾಕಿ ಕೊಟ್ಟು ಹೊಸ ಪಟ್ಟಿ ಅಂಟಿಸಿದರು. ಬಾಣಂತಿ ಪ್ರೇಮಕ್ಕನ ಮನೆಯಲ್ಲೇ ಇದ್ದಳು. ಹನ್ನೊಂದನೇ ದಿನದ ಪುಣ್ಯಾಹ ಅಲ್ಲೇ ಆಯಿತು. ಲಿಂಗವಂತರ ಮನೆಯಲ್ಲಿ ತಮ್ಮ ಕ್ರಮ ಹೇಗೆ ಮಾಡುವುದು ಎಂದು ವೆಂಕಮ್ಮ ಅರ್ಧ ದಿನ ಒದ್ದಾಡಿದರು. ಪ್ರೇಮಕ್ಕ ಮಾವಿನ ಸೊಪ್ಪು ತಂದುಕೊಟ್ಟು, ನೀವು ಮಾಡಿ, ನಮಗೆಂತ ಆಗಬೇಕು ಎಂದರಂತೆ.

ಸಂಘದ ಸಮಿತಿಯವರು ಮಲ್ಲೇಶಪ್ಪನವರನ್ನು ಕರೆದು ಕೇಳಿದರು. ಕಿಟಕಿ ಒಡೆಸಿದವರ ವಿಷಯ ಮನೆಯವರನ್ನು ಕೇಳಿ, ನಾನು ಹೇಳಬೇಕಾದ್ದು ನನ್ನದು ಮಾತ್ರ ಎಂದರು. ಪುಸ್ತಕ ಬಿಚ್ಚಿ ಆ ಸಾಲನ್ನು ತೋರಿಸಿದರು. ಬಡಿದು ನೋಡದೆ ಗುರುತು ಹಾಕಿದ್ದೇನೆ, ನಲವತ್ತೊಂಬತ್ತರಲ್ಲಿ ಇದೊಂದೇ ಎಂದರು. ಚಂದ್ರಶೇಖರಯ್ಯ ತಾವೇ ಒಂದು ಪತ್ರ ಬರೆದು ಕೊಟ್ಟರು. ಅವರಿಗೆ ಲಿಖಿತ ಎಚ್ಚರಿಕೆ ಬಂತು, ನಿವೃತ್ತಿಗೆ ಅಡ್ಡಿಯಾಗಲಿಲ್ಲ. ಅಷ್ಟು ತಿಂಗಳು ಶೇಷಮ್ಮ ನಿದ್ದೆಗೆಟ್ಟದ್ದು ಬೇರೆ.

ಉಳಿದ ಮನೆಗಳಲ್ಲಿ ಮಲ್ಲೇಶಪ್ಪ ಪ್ರತಿಯೊಂದು ಕಿಟಕಿಯನ್ನೂ ಮತ್ತೆ ಬಡಿದರು, ಮೊದಲು ಬಡಿದಿದ್ದವನ್ನೂ. ಕೆಲಸ ಒಂದು ವಾರ ಹಿಂದೆ ಬಿತ್ತು. ಕೊನೆಯ ಎರಡು ಕಿಟಕಿಗಳನ್ನು ಟಾರ್ಪಾಲಿನ ಕೆಳಗೆ, ಮಳೆಯಲ್ಲೇ ಕೂರಿಸಿದರು. ವಿಜಯ್ ತಡವಾದದ್ದಕ್ಕೆ ಬೈಸಿಕೊಂಡ, ಮೇಸ್ತ್ರಿಗೆ ಒಂದು ಮಾತೂ ಅನ್ನಲಿಲ್ಲ.

ಎರಡನೇ ಕಲ್ಲು ಕೂರಿಸಿ ಏಳು ದಿನವಾದರೂ ಕಾಗದ ಹರಿಯಲಿಲ್ಲ. ಏಳನೇ ದಿನ ಬಿರುಕನ್ನು ತೊಳೆದು, ಸಿಮೆಂಟು ತುಂಬಿ, ದೇವಪ್ಪನಿಂದ ಸುಣ್ಣ ಹೊಡೆಸಿ, ಅದು ಒಣಗಿದ ಮೇಲೆ ಮಲ್ಲೇಶಪ್ಪ ಇನ್ನು ಕೋಣೆಗೆ ಹೋಗಬಹುದೆಂದು ತಿಳಿಸಲು ಹನ್ನೆರಡನೇ ಮನೆಗೆ ಬಂದರು. ವೆಂಕಮ್ಮ ಮಗುವನ್ನು ಎತ್ತಿಕೊಂಡು ಅವರ ಹಿಂದೆಯೇ ಬಂದರು. ಒಂಬತ್ತನೇ ಮನೆಯ ಚಿಕ್ಕ ಕೋಣೆಯ ಹೊಸ್ತಿಲಲ್ಲಿ ಮಲ್ಲೇಶಪ್ಪ ಎಂದಿನಂತೆ ಪಕ್ಕಕ್ಕೆ ಸರಿದು ನಿಂತರು. ವೆಂಕಮ್ಮನೂ ನಿಂತರು.

“ನೀವು ಒಳಗೆ ಹೋಗಿ ಬಡಿದು ನೋಡಿ. ನಾಲ್ಕೂ ಗೋಡೆ. ಆಮೇಲೆ ನಾನು ಮಗೂನ ತರ್ತೇನೆ.”

ಮಲ್ಲೇಶಪ್ಪ ಜೇಬಿನಿಂದ ಸುತ್ತಿಗೆ ತೆಗೆದು ಒಳಗೆ ಹೋದರು. ಬುಡದಿಂದ ಶುರುಮಾಡಿ ಗೇಣು ಗೇಣಿಗೆ ಬಡಿಯುತ್ತ, ಕಿವಿಗೊಡುತ್ತ ಬಂದರು. ಸದ್ದಿಗೆ ಮಗು ಎಚ್ಚರವಾಗಿ ಅತ್ತಿತು. ಅವರು ಕೈ ನಿಲ್ಲಿಸಿ ತಿರುಗಿ ನೋಡಿದರು. ವೆಂಕಮ್ಮ ಮಗುವನ್ನು ಭುಜಕ್ಕೆ ಹಾಕಿ ತಟ್ಟುತ್ತ, ಮಾಡಿ ಮಾಡಿ ಎಂದು ಕಣ್ಣಲ್ಲೇ ಹೇಳಿದರು. ಅರ್ಧ ಗಂಟೆ ಹಿಡಿಯಿತು. ಮುಗಿದ ಮೇಲೆ ಮಲ್ಲೇಶಪ್ಪ ಹಳೆಯ ಬಿರುಕಿದ್ದ ಗೋಡೆಯನ್ನು ಇನ್ನೊಮ್ಮೆ ನೋಡಿ, ತೊಟ್ಟಿಲನ್ನು ಆ ಬದಿಗೆ ಮಾತ್ರ ಹಾಕಬೇಡಿ ಎಂದರು. ವೆಂಕಮ್ಮ ಮಗುವನ್ನು ಅವರ ಕೈಗೆ ಕೊಟ್ಟು, ತೊಟ್ಟಿಲನ್ನು ಎದುರು ಗೋಡೆಗೆ ಎಳೆಯತೊಡಗಿದರು.